ನಮ್ಮ ಮೊದಲ ಕ್ಯಾಸೆಟ್ಟಿನ ಚಪ್ಪಲಿ ಸಪ್ಪಳ

ಎಂಬತ್ತರ ದಶಕದ ಹುಮನಾಬಾದಿನಲ್ಲಿ ಗಿಟಾರು ಹಿಡಿದು ತಿರುಗುತ್ತಿದ್ದವನು ನಾನೊಬ್ಬನೇ. ಶಾರ್ಟ್‌ವೇವ್ ರೇಡಿಯೊದಲ್ಲಿ ವಿದೇಶದ ರಾಕ್ ಹಾಡು ಕೇಳಿ ಕೇಳಿ ಕೆಟ್ಟವನು. ಸಿನಿಮಾ ಹಾಡು ಮುಟ್ಟುವುದಿಲ್ಲ, ನಮ್ಮ ಮಾತಿನಲ್ಲಿ ನಾವೇ ಕಟ್ಟಿದ್ದನ್ನೇ ಹಾಡುವುದು ಎಂದು ನನ್ನ ಹಟ. ಕಟ್ಟೆಯ ಮೇಲೆ ಕೂತು ಶುರು ಮಾಡಿದರೆ ಜನ, "ಪಿಚ್ಚರ್ ಹಾಡು ಹೊಡಿಯೋ ತಮ್ಮಾ, ಹಲ್ಲುಬ್ಯಾನಿ ಬಂದಂಗ ಯಾಕ ಒದರಾಕತ್ತಿ?" ಎನ್ನುತ್ತಿದ್ದರು. ಕೋಣನ ಮುಂದೆ ಕಿನ್ನರಿ! ಮನೆಗೆ ಬಂದು ಬಾಗಿಲು ಹಾಕಿಕೊಂಡು ಗೋಡೆಗೆ ಹಾಡುತ್ತಿದ್ದೆ. ಗೋಡೆಯಾದರೂ ಇಂಥದ್ದೇ ಹಾಡು ಬೇಕೆಂದು ಫರ್ಮಾಯಿಷ್ ಮಾಡುತ್ತಿರಲಿಲ್ಲ.

ಕೂತು ಕೇಳಿದವನು ಒಬ್ಬನೇ. ಮದುವೆ ಬ್ಯಾಂಡಿನಲ್ಲಿ ಕೊರಳಿಗೆ ಡ್ರಮ್ಮು ಹಾಕಿಕೊಂಡು ಬಾರಿಸುತ್ತಿದ್ದವನು; ಮನ್ನಾಏಖೇಳ್ಳಿಯ ಒಂದು ಮದುವೆಯಲ್ಲಿ ಪರಿಚಯವಾದವನು. "ನಿನ್ನ ಹಾಡು ನನಗ ತಿಳಿಯಂಗಿಲ್ಲ. ಆದ್ರ ಬಾರ್ಸಾಕ ಮಜಾ ಬರ್ತದ," ಅಂದ. ಅಷ್ಟು ಸಾಕಾಯಿತು, ನಾವಿಬ್ಬರೇ ಒಂದು ಬ್ಯಾಂಡು. ಅವನ ಮಂದಿಯದೊಂದು ರಿವಾಜಿತ್ತು. ಬರಾತು, ಅಂದರೆ ಮದುವೆ ಮೆರವಣಿಗೆ, ಮಂಟಪ ಮುಟ್ಟಿದ ಮೇಲೆ ಡ್ರಮ್ಮನ್ನು ಥಟ್ಟನೆ ನಿಲ್ಲಿಸಬಾರದು, ಅಪಶಕುನ. ಬಾರಿಸುತ್ತಲೇ ಹಿಂದೆ ಸರಿದು, ಜನರ ಕಿವಿಯಿಂದ ದೂರ ಹೋದ ಮೇಲೆ ನಿಲ್ಲಿಸಬೇಕು.

ಒಂದು ದಿನ ಬಂದು, ಮನೆಮಂದಿಯೆಲ್ಲ ಸೋಲಾಪುರಕ್ಕೆ ಹೋಗಾಕತ್ತೇವಿ ಎಂದ. ಅಲ್ಲಿ ಅವನ ಭಾವನದೇ ಬ್ಯಾಂಡು. ಇವನೂ ಹೋದರೆ ಈ ಊರಲ್ಲಿ ನನಗೆ ಯಾರು? ಹೋಗುವ ಮೊದಲು ಒಂದು ಕ್ಯಾಸೆಟ್ಟಾದರೂ ಮಾಡೋಣ ಎಂದು ಗಂಟುಬಿದ್ದೆ. ಬಸವಕಲ್ಯಾಣದ ಬಸ್ ಸ್ಟ್ಯಾಂಡಿನ ಎದುರಿಗೆ ರೇಡಿಯೊ ರಿಪೇರಿಯವರೊಬ್ಬರ ಹಿಂದಿನ ಕೋಣೆ ಸಿಕ್ಕಿತು. ಸಂಜೆಯ ಸೋಲಾಪುರ ಬಸ್ಸಿಗೆ ಅವನು ಅಲ್ಲಿಂದಲೇ ಹತ್ತುವುದು. ಇದ್ದದ್ದು ಆ ಒಂದು ಮಧ್ಯಾಹ್ನ.

ಮೈಕಿನ ಮುಂದೆ ನಿಲ್ಲಿಸಿದರೆ ಅವನ ಕೈಯೇ ಏಳಲೊಲ್ಲದು! ಹುಟ್ಟಿದಾಗಿನಿಂದ ನಡೆಯುತ್ತಲೇ ಬಾರಿಸಿದವನು. "ಕಾಲು ನಡದ್ರ ಕೈ ನಡೀತಾವೋ ಮಾರಾಯಾ," ಎಂದು ಕೋಣೆಯ ಸುತ್ತ ತಿರುಗತೊಡಗಿದ. ಆಗ ನೋಡಿ, ಎಂಥಾ ತಾಳ! ಆದರೆ ಚಪ್ಪಲಿಯ ಚಟ್‌ಚಟ್ ಸಪ್ಪಳವೂ ಟೇಪಿಗೆ ಹತ್ತಿತು.

ರಿಪೇರಿಯವರು ತಲೆ ಚಚ್ಚಿಕೊಂಡರು. "ಇದೇನ್ ಬರಾತ್ ಅಂತ ತಿಳ್ದೀಯೇನು? ಚಪ್ಪಲಿ ಬಿಡು!"

"ಬರಿಗಾಲಿಗೆ ತಾಳ ಸಿಗಂಗಿಲ್ರಿ, ಸಾಹೇಬ್ರ."

ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ. ನಾನು ನಕ್ಕು, "ಇರ್ಲಿ ಬಿಡ್ರಿ," ಅಂದೆ. ಹಾಗೇ ಹಾಡುಗಳು ತುಂಬಿದವು. ಡ್ರಮ್ಮು ಮೈಕಿನ ಹತ್ತಿರ ಬರುತ್ತದೆ, ದೂರ ಹೋಗುತ್ತದೆ, ಮತ್ತೆ ಬರುತ್ತದೆ.

ಕೊನೆಯ ಹಾಡಿಗೆ ಮೊದಲು ಅವನು, "ಹೋಗಿ ಬರ್ತೀನಿ ಅನ್ನಾಕ ನನಗ ಬರಂಗಿಲ್ಲ ನೋಡು," ಅಂದ. ನಾನು, "ಸುಮ್ನ ಬಾರ್ಸೋ," ಎಂದು ಗದರಿಸಿ ಕಣ್ಣು ಮುಚ್ಚಿಕೊಂಡು ಹಾಡಿದೆ. ನಡುವೆ ಡ್ರಮ್ಮು ದೂರವಾಯಿತು. ಸುತ್ತು ತಿರುಗಿ ಬಂದಾನು ಎಂದುಕೊಂಡು ಹಾಡುತ್ತಲೇ ಇದ್ದೆ. ಹೊರಗೆ ಬಸ್ಸಿನ ಹಾರ್ನ್ ಆಯಿತು. ಕಣ್ಣು ತೆರೆದಾಗ ಕೋಣೆಯಲ್ಲಿ ರಿಪೇರಿಯವರೊಬ್ಬರೇ ಇದ್ದರು, ಬಾಗಿಲು ತೆರೆದಿತ್ತು.

ಕ್ಯಾಸೆಟ್ಟನ್ನು ಯಾರೂ ಕೊಳ್ಳಲಿಲ್ಲ. ಹುಮನಾಬಾದಿನ ಚಹಾ ಹೋಟೆಲಿನಲ್ಲಿ ಒಮ್ಮೆ ಹಾಕಿಸಿದರೆ, "ಇದ್ರಾಗ ಯಾರೋ ಓಡಾಡಾಕತ್ತಾರಲ್ಲೋ!" ಎಂದು ನಕ್ಕು ತೆಗೆಸಿದರು. ಅವನನ್ನು ಹುಡುಕಿಕೊಂಡು ಸೋಲಾಪುರಕ್ಕೂ ಹೋದೆ. ಭಾವನ ಬ್ಯಾಂಡು ಒಡೆದು ಅವರೆಲ್ಲ ಪುಣೆ ಕಡೆಗೆ ಹೋದರು ಎಂದರು, ಪುಣೆಯಲ್ಲಿ ಎಲ್ಲಿ ಎಂದು ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ನಾನು ಯಾರ ಜೊತೆಗೂ ಬಾರಿಸಲಿಲ್ಲ.

ಮನೆಯಲ್ಲಿ ಒಬ್ಬನೇ ಇದ್ದಾಗ ಆ ಕ್ಯಾಸೆಟ್ಟು ಹಾಕುತ್ತೇನೆ. ನನ್ನ ಗಿಟಾರು ಅಷ್ಟಕ್ಕಷ್ಟೇ, ದನಿಯಂತೂ ಕೇಳಲೇಬೇಡಿ. ನಾನು ಕಾಯುವುದು ಚಪ್ಪಲಿ ಸಪ್ಪಳಕ್ಕೆ. ಕೊನೆಯ ಹಾಡಿನಲ್ಲಿ ಅದು ದೂರ ಸರಿಯತೊಡಗುತ್ತಲೇ, ಹಾರ್ನ್ ಕೇಳುವ ಮೊದಲೇ, ನಿಲ್ಲಿಸುವ ಬಟನ್ ಒತ್ತಿಬಿಡುತ್ತೇನೆ. ಅವನು ಇನ್ನೂ ಕೋಣೆಯೊಳಗೇ ಇರುತ್ತಾನೆ.