ಮೂಲದಲ್ಲಿ ಇಲ್ಲದ ಒಂದು ಹೆಸರು

ದೆವ್ವ, ಶಕುನ, ಕನಸಿನಲ್ಲಿ ಕಂಡದ್ದು ನಿಜವಾಯಿತು ಎಂಬ ಕಥೆಗಳನ್ನು ಯಾರಾದರೂ ಶುರು ಮಾಡಿದರೆ ಮೊದಲು ನಗುತ್ತಿದ್ದವಳು ನಾನು. ನನ್ನ ಅತ್ತೆ ಹಲ್ಲಿ ಲೊಚಗುಟ್ಟಿದರೆ ಹೊರಟ ಕಾಲನ್ನು ಹಿಂದಕ್ಕಿಡುವವರು. ಅವರನ್ನು ನಾನು ಕಾಡಿಸಿದ್ದು ಅಷ್ಟಿಷ್ಟಲ್ಲ. ಅಂಥವಳು ಇದನ್ನು ಬರೆಯುತ್ತಿದ್ದೇನೆಂದು ತಿಳಿದರೆ ಅವರಿಗೆ ಹಬ್ಬ. ನಂಬಿ ಎಂದು ನಿಮ್ಮನ್ನು ಒತ್ತಾಯಿಸುವುದಿಲ್ಲ. ನಾನೇ ಪೂರ್ತಿ ನಂಬಿಲ್ಲ.

ಕೆಲವು ವರ್ಷಗಳ ಹಿಂದೆ ಎಲೆಕ್ಟ್ರಾನಿಕ್ ಸಿಟಿಯ ಒಂದು ಸಣ್ಣ ಕಂಪನಿಯಲ್ಲಿ ಡೇಟಾಬೇಸ್ ನೋಡಿಕೊಳ್ಳುವ ಕೆಲಸದಲ್ಲಿದ್ದೆ. ಯಾವ ರಕ್ತನಿಧಿಯಲ್ಲಿ ಯಾವ ಗುಂಪಿನ ರಕ್ತವಿದೆ, ಯಾವ ಆಸ್ಪತ್ರೆ ಯಾರಿಗಾಗಿ ಕೇಳಿದೆ, ಸಿಕ್ಕಿತೋ ಇಲ್ಲವೋ ಎಂಬುದೆಲ್ಲ ನಮ್ಮ ಸರ್ವರ್‌ನಲ್ಲಿ ಇರುತ್ತಿತ್ತು. ಅದನ್ನು ಒಂದು ನಿಮಿಷವೂ ನಿಲ್ಲಿಸುವಂತಿರಲಿಲ್ಲ. ಆದರೆ ಅದರ ಡಿಸ್ಕ್ ಸಾಯಲು ಶುರುವಾಗಿತ್ತು. ಹಳೆಯ ಬ್ಯಾಕಪ್ ಇತ್ತು, ಆದರೆ ರಕ್ತದ ವಿಷಯದಲ್ಲಿ ಹಳೆಯ ಲೆಕ್ಕ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಹಾಗಾಗಿ ಓಡುತ್ತಿರುವ ಡೇಟಾಬೇಸನ್ನು ಓಡುತ್ತಿರುವಂತೆಯೇ ಹೊಸ ಸರ್ವರ್‌ಗೆ ನಕಲು ಮಾಡಬೇಕಿತ್ತು. ಮದುವೆ ಮನೆಯಲ್ಲಿ ಪಂಕ್ತಿ ಏಳುವ ಮೊದಲೇ ನೆಲ ಒರೆಸಿದಂಥ ಕೆಲಸ. ಇದ್ದದ್ದನ್ನು ಮೊದಲು ನಕಲು ಮಾಡಬೇಕು, ಅಷ್ಟರಲ್ಲಿ ಬಂದು ಸೇರಿದ್ದನ್ನು ಬೆನ್ನಟ್ಟಿ ತುಂಬಬೇಕು. ನಕಲು ಯಾವಾಗಲೂ ಮೂಲಕ್ಕಿಂತ ಒಂದು ಹೆಜ್ಜೆ ಹಿಂದಿರುತ್ತದೆ. ಮುಂದಿರಲು ಸಾಧ್ಯವೇ ಇಲ್ಲ.

ಕೆಲಸದ ಒತ್ತಡ ಕಡಿಮೆಯೆಂದು ಆಯುಧ ಪೂಜೆಯ ದಿನವನ್ನು ಆರಿಸಿಕೊಂಡೆವು. ಕಟ್ಟಡದ ಮಾಲೀಕರು ಮುನಿಯಪ್ಪನವರು, ತಮ್ಮ ರಾಗಿ ಹೊಲದಲ್ಲೇ ಆ ಕಟ್ಟಡ ಎಬ್ಬಿಸಿದವರು. ಪ್ರತಿ ವರ್ಷ ಲಿಫ್ಟಿಗೂ ಜನರೇಟರಿಗೂ ಅವರದೇ ಪೂಜೆ. ಅಂದು ಸರ್ವರ್ ಕೋಣೆಗೂ ತಟ್ಟೆ ಹಿಡಿದು ಬಂದರು.

"ವಸಿ ಆರ್ಸವ್ವ ಅದನ್ನ. ಪೂಜೆ ಒತ್ನಲ್ಲಿ ಯಾವ ಮಿಸನ್ನೂ ಓಡ್ಬಾರ್ದು. ಅದ್ಕೂ ಒಂದಿನ ಉಸ್ರು ಬ್ಯಾಡ್ವಾ?"

"ಅದನ್ನ ಆರಿಸಿದ್ರೆ ಇನ್ಯಾರದೋ ಉಸಿರು ನಿಲ್ಲತ್ತೆ ಮುನಿಯಪ್ಪನೋರೆ," ಎಂದೆ. ಅವರು ಗೊಣಗುತ್ತಲೇ ಓಡುವ ಸರ್ವರ್‌ಗೆ ವಿಭೂತಿ ಎಳೆದು, ಕುಂಕುಮ ಇಟ್ಟು ಹೋದರು.

ಮಧ್ಯಾಹ್ನದ ಊಟದ ಹೊತ್ತಿಗೆ ನಕಲು ಮುಗಿಯಿತು. ಮೂಲದೊಂದಿಗೆ ಹೊಂದಿಸಿ ನೋಡಿದರೆ ನಕಲಿನಲ್ಲಿ ಒಂದು ದಾಖಲೆ ಹೆಚ್ಚಿಗೆ ಇತ್ತು. ಹುಲಿಗೆಮ್ಮ ಎಂಬ ಹೆಂಗಸು, ಅತ್ತಿಬೆಲೆಯ ಒಂದು ನರ್ಸಿಂಗ್ ಹೋಮ್, ಹೆರಿಗೆ, ಓ ನೆಗೆಟಿವ್. ಕೊನೆಯಲ್ಲಿ 'ರಕ್ತ ಸಿಗಲಿಲ್ಲ' ಎಂದಿತ್ತು. ನಮೂದಾದ ಸಮಯ ಅದೇ ದಿನ ಸಂಜೆಯದು. ಆ ಸಂಜೆ ಇನ್ನೂ ಬಂದೇ ಇರಲಿಲ್ಲ.

ಜೊತೆಗಿದ್ದ ನವೀನ ಇಣುಕಿ ನೋಡಿ, "ಯಾರೋ ಟೆಸ್ಟ್‌ಗೆ ಹಾಕಿರ್ತಾರೆ ಬಿಡು ಗುರು. ನಕಲು ಕೆಟ್ಟಿದೆ, ಅಳಿಸ್ಬಿಟ್ಟು ಮತ್ತೆ ಶುರು ಮಾಡೋಣ," ಎಂದ. ನಿಯಮದ ಪ್ರಕಾರ ಅವನು ಹೇಳಿದ್ದೇ ಸರಿ. ಆದರೆ ಇನ್ನೊಮ್ಮೆ ಪೂರ್ತಿ ನಕಲು ಮಾಡಿದರೆ ಹಳೆಯ ಡಿಸ್ಕ್ ತಡೆಯುತ್ತದೆಂಬ ಭರವಸೆ ನಮಗಿಬ್ಬರಿಗೂ ಇರಲಿಲ್ಲ. ಹೊಸ ಸರ್ವರ್‌ನ ಪಾಸ್‌ವರ್ಡ್ ನಮ್ಮಿಬ್ಬರಿಗೆ ಬಿಟ್ಟು ಬೇರೆಯವರಿಗೆ ಗೊತ್ತಿರಲಿಲ್ಲ. ಎರಡೂ ಸರ್ವರ್‌ಗಳ ಗಡಿಯಾರಗಳು ಸರಿಯಾಗಿದ್ದವು. ಆ ದಾಖಲೆ ಎಲ್ಲಿಂದ ಬಂತೆಂದು, ಸರ್ವರ್ ತನ್ನ ಪ್ರತಿ ಕೆಲಸವನ್ನೂ ಬರೆದಿಡುವ ಲಾಗ್‌ಗಳನ್ನೆಲ್ಲ ಜಾಲಾಡಿದೆ, ಎಲ್ಲಿಯೂ ಸುಳಿವಿಲ್ಲ. ನನಗೆ ಭಯವಾಯಿತು. ಕೆಟ್ಟ ನಕಲಿನ ಭಯವಲ್ಲ, ಆ ಹೆಸರಿನ ಭಯ.

ಹೊರಗೆ ಬಂದು ನರ್ಸಿಂಗ್ ಹೋಮ್‌ಗೆ ಫೋನ್ ಮಾಡಿದೆ. ಫೋನ್ ಎತ್ತಿದ ನರ್ಸ್, "ಆ ಹೆಸ್ರಿನೋರು ಯಾರೂ ಇಲ್ವಲ್ಲ ಮೇಡಂ. ಓ ನೆಗೆಟಿವ್ ಬೇಕಂದ್ರೂ ಚಂದಾಪುರದಿಂದ ತರಿಸ್ಬೇಕು," ಎಂದರು. ಈಗಲೇ ತರಿಸಿ ಇಟ್ಟುಕೊಳ್ಳಿ ಎಂದೆ. ಯಾಕೆ ಎಂದು ಕೇಳಿದರು. "ಸಿಸ್ಟಂ ತೋರಿಸ್ತಿದೆ ಸಿಸ್ಟರ್," ಎಂದುಬಿಟ್ಟೆ. ಕಂಪ್ಯೂಟರ್ ಹೇಳಿತೆಂದರೆ ನಮ್ಮ ಜನ ಎದುರಾಡುವುದಿಲ್ಲ. "ಹಬ್ಬದ ಟ್ರಾಫಿಕ್ ಬೇರೆ, ಈಗ್ಲೇ ಹೇಳ್ಬಿಡ್ತೀನಿ," ಎಂದರು.

ಸಂಜೆ ಅದೇ ಹೆಸರು, ಅದೇ ನರ್ಸಿಂಗ್ ಹೋಮ್, ಅದೇ ಸಮಯದೊಂದಿಗೆ ಹಳೆಯ ಸರ್ವರ್‌ಗೆ ಬಂದು ಕೂತಿತು. ಕೊನೆಯ ಮಾತು ಮಾತ್ರ ಬೇರೆ. ಇಲ್ಲಿ 'ರಕ್ತ ಕೊಡಲಾಗಿದೆ' ಎಂದಿತ್ತು. ನಾವಿಬ್ಬರೂ ಎರಡು ಪರದೆಗಳನ್ನೂ ನೋಡುತ್ತಿದ್ದೆವು. ನೋಡುತ್ತಿದ್ದಂತೆಯೇ ಮೂಲವನ್ನು ಬೆನ್ನಟ್ಟುವ ನಕಲು ತನ್ನನ್ನು ತಿದ್ದಿಕೊಂಡು, ಅದೂ 'ಕೊಡಲಾಗಿದೆ' ಎಂದಿತು. ಫೋಟೋ ತೆಗೆಯಬಾರದಿತ್ತೇ ಎನ್ನುತ್ತೀರಿ. ಆ ಕೋಣೆಯೊಳಗೆ ಮೊಬೈಲ್ ಒಯ್ಯುವಂತಿರಲಿಲ್ಲ. ಈಗ ಎರಡೂ ಅಕ್ಷರ ಬಿಡದೆ ಹೊಂದುತ್ತಿದ್ದವು, ತಪ್ಪು ಹುಡುಕಲು ಏನೂ ಉಳಿದಿರಲಿಲ್ಲ. ಹೊಸ ಸರ್ವರ್‌ಗೆ ಕೆಲಸ ವರ್ಗಾಯಿಸಿದೆವು. ಸೇವೆ ಒಂದು ಕ್ಷಣವೂ ನಿಲ್ಲಲಿಲ್ಲವೆಂದು ಮ್ಯಾನೇಜರ್ ಎಲ್ಲರೆದುರು ಹೊಗಳಿದರು. ನವೀನ ಈಗ ವೈಟ್‌ಫೀಲ್ಡ್‌ನಲ್ಲಿದ್ದಾನೆ. ಮೊದಲಿಂದಲೂ 'ಕೊಡಲಾಗಿದೆ' ಎಂದೇ ಇತ್ತು, ಹಸಿವಿನಲ್ಲಿ ನೀನು ತಪ್ಪಾಗಿ ಓದಿದೆ ಎನ್ನುತ್ತಾನೆ. ಹಸಿದವರು ಇಲ್ಲದ ಹೆಸರನ್ನೂ ಓದುತ್ತಾರೆಯೇ ಎಂದರೆ ಮಾತು ಬದಲಿಸುತ್ತಾನೆ.

ಕೆಲವು ತಿಂಗಳಾದ ಮೇಲೆ ಹುಲಿಗೆಮ್ಮ ನರ್ಸ್‌ನಿಂದ ವಿಳಾಸ ತಿಳಿದುಕೊಂಡು ನಮ್ಮ ಆಫೀಸಿಗೆ ಬಂದಳು. ಕೊಪ್ಪಳದ ಕಡೆಯವಳು. ಗಂಡ ಅತ್ತಿಬೆಲೆಯಲ್ಲಿ ಗಾರೆ ಕೆಲಸ ಮಾಡುತ್ತಿದ್ದ, ಅಲ್ಲಿಯೇ ಒಂದು ಬಾಡಿಗೆ ಕೋಣೆಯಲ್ಲಿದ್ದರು. ಕಂಕುಳಲ್ಲಿದ್ದ ಮಗುವನ್ನು ನನ್ನ ತೊಡೆಯ ಮೇಲೆ ಕೂರಿಸಿದಳು.

"ಅಕ್ಕಾರ, ನೀವು ಫೋನ್ ಮಾಡಿದ ಹೊತ್ತಿನ್ಯಾಗ ನಾನಿನ್ನೂ ಮನ್ಯಾಗ ರೊಟ್ಟಿ ಬಡಿಯಾಕತ್ತಿದ್ದೆ. ಬ್ಯಾನಿ ಸುದ್ದಿನೂ ಇರ್ಲಿಲ್ಲ. ಯಾವ ದವಾಖಾನಿಗಿ ಹೋಗಬೇಕಂತ ನಮಗ ಗೊತ್ತಿರ್ಲಿಲ್ಲ. ನಿಮಗ ನನ್ನ ಹೆಸರು ಯಾರು ಹೇಳಿದ್ರು?"

ಮಗು ನನ್ನ ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು. ಡೇಟಾಬೇಸ್, ನಕಲು, ಲಾಗ್ ಎಂದು ಅವಳಿಗೆ ಏನೇನೋ ಹೇಳಬಹುದಿತ್ತು. ಯಾವುದೂ ಉತ್ತರವಾಗುತ್ತಿರಲಿಲ್ಲ.

"ಯಾರೋ ಹೇಳಿದ್ರು ಕಣಮ್ಮ," ಎಂದೆ.

ಯಾರು ಎಂದು ಅವಳು ಕೇಳಲಿಲ್ಲ. ನಾನು ಇವತ್ತಿಗೂ ಕೇಳಿಕೊಳ್ಳುತ್ತಿದ್ದೇನೆ.