ಡಾವೀ ಬಾಜೂ

ಔರಾದಿನ ಉಜ್ವಲಾ ಸಿಟ್ಟು ಬಂದರೆ ಬಾಯಿ ಬಿಡುವ ಪೈಕಿ ಅಲ್ಲ, ಪಾನಾ, ಸ್ಕ್ರೂಡ್ರೈವರು ಹಿಡಿಯುವ ಪೈಕಿ. ಹೆಡ್‌ಮಾಸ್ತರರು ಒಮ್ಮೆ ಎಲ್ಲರೆದುರು ಕೊಂಕು ನುಡಿದರೆಂದು, ಆ ವಾರವೇ ಶಾಲೆಯ ಅಲ್ಲಾಡುವ ಬೆಂಚುಗಳನ್ನೆಲ್ಲ ಬೋರಲು ಹಾಕಿ, ಮೊಳೆ ಬಿಗಿದು, ಬಣ್ಣ ಬಳಿದಿದ್ದಳು. ಗಂಡ ಕೈಲಾಶ ಮಾತು ಬಿಟ್ಟಾಗಲೆಲ್ಲ ಮನೆಯ ಮಿಕ್ಸರು, ಫ್ಯಾನು, ನಳ ಒಂದೊಂದಾಗಿ ರಿಪೇರಿಯಾಗಿವೆ. ಅವರ ಮನೆಯಲ್ಲಿ ಒಂದೇ ಒಂದು ನಳವೂ ಸೋರುವುದಿಲ್ಲವೆಂದರೆ ಗಂಡ ಹೆಂಡಿರ ನಡುವೆ ಎಷ್ಟು ಮುನಿಸು ನಡೆದಿರಬೇಕು, ನೀವೇ ಯೋಚಿಸಿ. ಅವಳು ಕಮಲನಗರದ ಕಡೆಯ ಒಂದು ಹಳ್ಳಿ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಕೈಲಾಶ ಔರಾದಿನ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಾನೆ. ಜೊತೆಗೆ ಅತ್ತೆ ಜಿಜಾಬಾಯಿ. ಆಕೆ ಕಮಲನಗರದ ಹೆಣ್ಣುಮಗಳು, ಕನ್ನಡ ಆಡುತ್ತ ಆಡುತ್ತ ಯಾವಾಗ ಮರಾಠಿಗೆ ಹೊರಳಿದಳೆಂದು ಆಕೆಗೇ ತಿಳಿಯುವುದಿಲ್ಲ.

ಅವರ ಮನೆಯ ಬಿಳಿ ಕಾರಿಗೆ ವಯಸ್ಸಾಗಿತ್ತು. ಬಂಪರಿನ ಮೂಲೆಗಳು ಗೀಚಿದ್ದವು, ಗಾಲಿಯ ಮೇಲಿನ ತಗಡಿನ ಅಂಚು ತುಕ್ಕು ಹಿಡಿದಿತ್ತು, ಬಾಗಿಲುಗಳ ಮೇಲೆ ಔರಾದಿನ ಸಂತೆಯ ಎಲ್ಲ ಕೈಗಾಡಿಗಳೂ ತಮ್ಮ ಗುರುತು ಬಿಟ್ಟು ಹೋಗಿದ್ದವು. ಅದೇ ಕಾರಿನಲ್ಲಿ ಮೂವರೂ ಬೀದರಿಗೆ ಒಂದು ಮದುವೆಗೆ ಹೋದರು. ಮಂಗಲ ಕಾರ್ಯಾಲಯದ ಗೇಟಿನಲ್ಲಿ ಸೀಟಿ ಹಿಡಿದು ನಿಂತಿದ್ದ ಮನುಷ್ಯ ಕಾರನ್ನು ಒಮ್ಮೆ ನೋಡಿದ. "ಅಡಿಗಿಯವ್ರ ಗಾಡಿ ಹಿಂದ, ಹಿಂದ!" ಎಂದು ಸೀಟಿ ಊದಿದ. ಕೈಲಾಶನಿಗೆ ಅರ್ಥವಾಗುವಷ್ಟರಲ್ಲಿ ಕಾರು ಉಳ್ಳಾಗಡ್ಡಿಯ ಟೆಂಪೋ ಮತ್ತು ಅನ್ನದ ಹಂಡೆಗಳ ನಡುವೆ ಹೋಗಿ ನಿಂತಿತ್ತು. ಇಸ್ತ್ರಿ ಮಾಡಿದ ಅಂಗಿ ತೊಟ್ಟ ಇತಿಹಾಸದ ಉಪನ್ಯಾಸಕ ಉಳ್ಳಾಗಡ್ಡಿ ಸಿಪ್ಪೆಯ ಮೇಲೆ ಕಾಲಿಟ್ಟು ಇಳಿದ.

"ಚಲೋ ಆತು, ಊಟ ಬಾಜೂಕ ಅದ," ಎಂದು ಜಿಜಾಬಾಯಿ ನಕ್ಕಳು. ಕೈಲಾಶ ನಗಲಿಲ್ಲ. ಮರಳುವಾಗ ಸಂತಪೂರ ದಾಟಿದ ಮೇಲೆ ಹೇಳಿದ, "ಈ ಗಾಡಿ ಕೊಟ್ಟುಬಿಡಮು. ಬದಲಿ ಒಂದು ದೊಡ್ಡದು ತರ್ತೇನಿ."

"ನಾ ಸಾಲಿಗಿ ಹ್ಯಾಂಗ ಹೋಗ್ಲಿ?"

"ದೊಡ್ಡ ಗಾಡಿ ನಿನ್ನ ಕೈಲೆ ಆಗೂದಿಲ್ಲ. ಬಸ್ ಅದಾವಲ್ಲ."

ಬಸ್ಸು ಎಂದರೇನೆಂದು ಉಜ್ವಲಾಗೆ ಹೇಳಿಕೊಡಬೇಕಾಗಿರಲಿಲ್ಲ. ಖಟಕ ಚಿಂಚೋಳಿಯಲ್ಲಿ ಹುಟ್ಟಿ, ಭಾಲ್ಕಿಯಲ್ಲಿ ಓದಿ, ಔರಾದಿಗೆ ಸೊಸೆಯಾಗಿ ಬಂದವಳು ಅರ್ಧ ಆಯುಷ್ಯವನ್ನು ಬಸ್ಸಿನ ದಾರಿ ಕಾಯುವುದರಲ್ಲೇ ಕಳೆದಿದ್ದಳು. ಪರೀಕ್ಷೆಯ ದಿನ ಬಸ್ಸು ತುಂಬಿ ಬಂದು ನಿಲ್ಲದೆ ಹೋದದ್ದುಂಟು. ಅಪ್ಪನಿಗೆ ಕಾಯಿಲೆ ಜೋರಾದ ಸುದ್ದಿ ಬಂದ ದಿನ ಬಸ್ಸೇ ಬರದೆ, ಅವಳು ಮುಟ್ಟುವಷ್ಟರಲ್ಲಿ ಅಪ್ಪನ ಮಾತು ನಿಂತಿತ್ತು. ನಲವತ್ತು ಸಮೀಪಿಸಿದಾಗ ಅವಳು ಹಠ ಹಿಡಿದು ಈ ಕಾರಿನಲ್ಲೇ ಡ್ರೈವಿಂಗ್ ಕಲಿತಳು. ಓಣಿಯವರು ಬಾಯಿಗೆ ಸೆರಗು ಹಿಡಿದು ನಕ್ಕರು. ಅದೇ ಓಣಿಯವರು ಈಗ, "ಟೀಚರ್, ನಿಮ್ಮ ಗಾಡ್ಯಾಗ ನಂಗೂ ಒಂದೀಟು ಜಾಗಾ," ಎಂದು ಬೆಳಿಗ್ಗೆ ಬಾಗಿಲಿಗೆ ಬರುತ್ತಾರೆ. ಕಾರು ಹೋದರೆ ಅವಳು ಮತ್ತೆ ಬೇವಿನ ಮರದ ಕೆಳಗೆ ನಿಂತು ಬಸ್ಸಿನ ಧೂಳು ನೋಡಬೇಕು. ಅದು ಅವಳಿಂದ ಸಾಧ್ಯವಿರಲಿಲ್ಲ.

ಅವಳು ಬೇಡಿಕೊಳ್ಳಲಿಲ್ಲ, ಅಳಲೂ ಇಲ್ಲ. "ಗಾಡಿಗಿ ಏನು ಕಡಿಮಿ ಆಗ್ಯದ? ಬರೇ ಮಾರಿ ಕೆಟ್ಟದ. ಮಾರಿ ನಾ ಸುಧಾರಸ್ತೇನಿ," ಎಂದಳು.

ಕೈಲಾಶನಿಗೆ ನಗೆ ಬಂತು. ಅವನ ಕಾಲೇಜಿನ ಜೊತೆಗಾರ ಸತೀಶಕುಮಾರನ ತಂಗಿಯ ಮದುವೆ ಭಾಲ್ಕಿಯಲ್ಲಿತ್ತು, ಬರುವ ರವಿವಾರ. "ಆಯ್ತು. ಭಾಲ್ಕಿ ಮದುವ್ಯಾಗ ಈ ಗಾಡಿ ಮುಂದ ನಿಂದ್ರಸ್ತಾರಂದ್ರ ಇಟ್ಕೋ. ಹಿಂದ ಕಳಸಿದ್ರಂದ್ರ ಸೋಮವಾರ ಶೋರೂಮಿಗಿ ಹೋಗ್ತದ," ಎಂದ. ತಾನು ಶನಿವಾರವೇ ಕಾಲೇಜಿನವರ ಜೀಪಿನಲ್ಲಿ ಹೋಗುವುದಾಗಿಯೂ, ಅತ್ತೆ ಸೊಸೆ ಹೇಗಾದರೂ ಬರಬೇಕೆಂದೂ ತೀರ್ಮಾನವಾಯಿತು. ಅಷ್ಟು ದೂರ ಅವಳು ಕಾರು ಓಡಿಸಲಾರಳು, ಕೊನೆಗೆ ಬಸ್ಸಿಗೇ ಬರುತ್ತಾಳೆಂದು ಅವನ ಎಣಿಕೆ.

ಬೀದರಿನಲ್ಲಿ ತೌಸೀಫ ಎಂಬವನ ಅಂಗಡಿಯಿದೆ, ಕಾರಿನ ಹೊರಮೈಗೆ ಬೇಕಾದ ಸಾಮಾನೆಲ್ಲ ಅಲ್ಲಿ ಸಿಗುತ್ತದೆ. ಉಜ್ವಲಾ ಫೋನಿನಲ್ಲಿ ಫೋಟೋ ನೋಡಿ ನೋಡಿ ಆರಿಸಿದಳು. ಕಿಟಕಿಯ ಮೇಲೆ ಮಳೆ ತಡೆಯುವ ಪಟ್ಟಿ, ಬಾಗಿಲಿಗೆ ಅಂಟಿಸುವ ಕಪ್ಪು ಪಟ್ಟಿಯ ಬೀಡಿಂಗು, ಬಂಪರಿನ ಮೂಲೆಗೆ ಗಾರ್ಡು, ಗಾಲಿಯ ನಡುವಿಗೆ ಹೊಸ ವ್ಹೀಲ್ ಕ್ಯಾಪು, ಮತ್ತೆ ಎಲ್ಲಕ್ಕಿಂತ ಮುಖ್ಯವಾಗಿ ಗಾಲಿಯ ಮೇಲಿನ ತುಕ್ಕು ಮುಚ್ಚುವ ಕಪ್ಪು ಕಮಾನುಗಳು. ಸಾಮಾನು ಔರಾದಿನ ಬಸ್ಸಿನಲ್ಲಿ ಬಂತು. "ಮನಿಗಿ ಬಂದು ಹಚ್ಚಿ ಕೊಡ್ತೀನಿ ಟೀಚರ್," ಎಂದ ತೌಸೀಫನಿಗೆ ಅವಳು ಬೇಡವೆಂದಳು. ಬೇರೆಯವರ ಕೈಯಿಂದ ಆದರೆ ತನ್ನ ಮಾತಿಗೇನು ಬೆಲೆ?

ಅಂಗಳದಲ್ಲಿ ಕೆಲಸ ಶುರುವಾಯಿತು. ಸಾಬೂನು ನೀರಿನಿಂದ ತೊಳೆದಳು, ಒರೆಸಿದಳು, ತುಕ್ಕನ್ನು ಕೆರೆದು ಬಣ್ಣ ಹಚ್ಚಿ ಒಣಗಿಸಿದಳು. ಬೀಡಿಂಗು ನೆಟ್ಟಗೆ ಕೂಡಬೇಕಲ್ಲ, ಅದಕ್ಕೆ ದಾರಕ್ಕೆ ಶಾಲೆಯ ಬೋರ್ಡಿಗೆ ಬರೆಯುವ ನೀಲಿ ಖಡು ತಿಕ್ಕಿ, ಒಂದು ತುದಿ ಅತ್ತೆಯ ಕೈಗೆ ಕೊಟ್ಟು, ಬಿಗಿಯಾಗಿ ಎಳೆದು ಮೀಟಿದಳು. ಬಾಗಿಲುಗಳ ಮೇಲೆ ತೆಳ್ಳನೆಯ ನೀಲಿ ಗೆರೆ ಮೂಡಿತು. ಅಂಟುಪಟ್ಟಿ ಮೆತ್ತಗಾಗಲಿ ಎಂದು ಜಿಜಾಬಾಯಿಯ ಮೊಣಕಾಲಿನ ಬಿಸಿನೀರಿನ ಚೀಲ, ಮೇಲಿನಿಂದ ಒತ್ತಲು ಬಟ್ಟೆ ಸುತ್ತಿದ ಲಟ್ಟಣಿಗೆ. "ನನ್ನ ಮಣಕಾಲ ಬ್ಯಾನಿಗಿಂತ ಗಾಡಿ ಬ್ಯಾನಿ ಜಾಸ್ತಿ ಆಯ್ತು ಇಕಿಗಿ," ಎಂದು ಅತ್ತೆ ಗೊಣಗಿದಳು, ಆದರೆ ಚೀಲದ ನೀರು ಆರಲು ಒಮ್ಮೆಯೂ ಬಿಡಲಿಲ್ಲ.

ಎಲ್ಲ ಸರಿಯಾಗಿಯೇ ನಡೆದಿತ್ತು. ಶುಕ್ರವಾರ ಸಂಜೆ ಎಡಗಡೆಯ ಮುಂದಿನ ಕಮಾನು ಸ್ವಲ್ಪ ಓರೆಯಾಗಿ ಕೂತಿತು. ತೆಗೆದು ಮತ್ತೆ ಕೂಡಿಸೋಣವೆಂದು ಉಜ್ವಲಾ ಅವಸರದಲ್ಲಿ ಎಳೆದಳು. ಟಪ್ ಎಂದು ಅದು ನಡುವೆ ಎರಡಾಯಿತು. ತಪ್ಪು ಪೂರ್ತಿ ಅವಳದೇ, ಬೈಯಲು ಬೇರೆ ಯಾರೂ ಇರಲಿಲ್ಲ. ಅದರ ಹಿಂದೆಯೇ ಬಾಗಿಲಿನ ಬೀಡಿಂಗು ಸಡಿಲಾಗಿ, ಅದನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ನಿಲ್ಲಬೇಕಾಯಿತು. "ಅತ್ತಿ, ತೌಸೀಫಗ ಫೋನ್ ಹಚ್ಚಿ ಹೇಳ್ರಿ, ಎಡಗಡಿ ಮುಂದಿಂದು ಒಂದು ಕಳಸ್ಲಿ," ಎಂದಳು.

ಜಿಜಾಬಾಯಿ ಫೋನನ್ನು ಬಾಯಿಯ ಹತ್ತಿರ ಹಿಡಿದು, ಬೀದರಿಗೆ ನೇರವಾಗಿಯೇ ಕೇಳಿಸಬೇಕೆಂಬಂತೆ ಕೂಗಿದಳು. "ಮುಂದಿನ ಗಾಲಿ ಮ್ಯಾಲಿಂದು! ಡಾವೀ ಬಾಜೂ!"

"ದಾಯೀ ಬಾಜೂ?" ಎಂದು ತೌಸೀಫ ಕೇಳಿದ.

"ಹೋ, ಡಾವೀ ಬಾಜೂ!"

"ಪಕ್ಕಾ ದಾಯೀ ಬಾಜೂ, ಅಮ್ಮಾ?"

"ಅರೇ, ಎಷ್ಟ್ ಸಲಾ ಹೇಳ್ಲಿ? ಡಾವೀ ಬಾಜೂ!"

ಮಾತು ಇಷ್ಟು ಪಕ್ಕಾ ಆದ ಮೇಲೆ ಯಾರಿಗೆ ಅನುಮಾನ ಬಂದೀತು? ಶನಿವಾರ ಸಂಜೆಯ ಬಸ್ಸಿಗೆ ಕಟ್ಟು ಬಂತು. ಬಿಚ್ಚಿ ನೋಡಿದರೆ ಬಲಗಡೆಯ ಕಮಾನು. ಬಲಗಡೆಯದು ಆಗಲೇ ಕಾರಿಗೆ ಅಂಟಿ ಕೂತಿತ್ತು. ಉಜ್ವಲಾ ಅದನ್ನು ತಿರುವಿದಳು, ಮುರುವಿದಳು, ಎಡಗಡೆಯ ಗಾಲಿಗೆ ಹಿಡಿದು ನೋಡಿದಳು. ಬಲಗಾಲಿನ ಚಪ್ಪಲಿಯನ್ನು ಎಡಗಾಲಿಗೆ ತುರುಕಿದ ಹಾಗೆ ಕಾಣುತ್ತಿತ್ತು. ಫೋನು ಹಚ್ಚಿದರೆ ತೌಸೀಫ, "ನೀವು ಹೇಳಿದ್ದೇ ಕಳ್ಸೀನ್ರಿ ಟೀಚರ್, ಮೂರ್ ಸಲಾ ಕೇಳೀನಿ," ಎಂದು ಆಣೆ ಮಾಡಿದ. ನಾಳೆ ಬೆಳಿಗ್ಗೆ ಅಂಗಡಿ ತೆರೆದಿರುತ್ತದೆ, ಬನ್ನಿ, ಎಡಗಡೆಯದು ಇದೆ ಎಂದೂ ಹೇಳಿದ. ಬಸ್ಸಿನಲ್ಲಿ ತರಿಸುವಷ್ಟು ಹೊತ್ತಿರಲಿಲ್ಲ. ಅಕ್ಷತೆ ಮಧ್ಯಾಹ್ನಕ್ಕೇ ಇತ್ತು.

ಉಜ್ವಲಾ ಕಾರನ್ನು ನೋಡುತ್ತ ಅಂಗಳದಲ್ಲೇ ಕುಳಿತಳು. ಮೂರು ಗಾಲಿಗೆ ಶೃಂಗಾರ, ಒಂದು ಗಾಲಿ ಬೋಳು. ಮೊದಲಾದರೆ ಬರೀ ಹಳೆಯ ಕಾರಾಗಿತ್ತು, ಈಗ ನಗೆಪಾಟಲಿನ ಕಾರಾಗಿತ್ತು. ಸೀಟಿಯವನು ಹಿಂದೆ ಕಳಿಸುವುದಿರಲಿ, ನಾಲ್ಕು ಜನರನ್ನು ಕರೆದು ತೋರಿಸಿಯಾನು. ಬೀದರಿಗೆ ಹೋಗಬಹುದಿತ್ತು, ಆದರೆ ಇದುವರೆಗೆ ಅವಳು ಕಾರು ಓಡಿಸಿದ್ದು ಮನೆಯಿಂದ ಶಾಲೆಗೆ, ಶಾಲೆಯಿಂದ ಮನೆಗೆ. ಬೀದರಿನ ದಾರಿಗೆ ಬಂದರೆ ಕೈಲಾಶನೇ ಚಾವಿ ಇಸಿದುಕೊಳ್ಳುತ್ತಿದ್ದ. ಲಾರಿಗಳ ನಡುವೆ ಅವಳಿಗೆ ಜೀವ ಬಾಯಿಗೆ ಬರುತ್ತಿತ್ತು, ಅದು ಸುಳ್ಳಲ್ಲ.

"ನಾಳಿ ಬಸ್ಸಿಗಿ ಹೋಗೂಣೇನು?" ಎಂದು ಜಿಜಾಬಾಯಿ ಮೆಲ್ಲಗೆ ಕೇಳಿದಳು.

ಬಸ್ಸು ಎಂಬ ಆ ಶಬ್ದವೇ ಉಜ್ವಲಾಳ ಮೈ ಉರಿಸಿತು. "ಮುಂಜಾನೆ ಲಗೂನ ತಯಾರಾಗ್ರಿ. ಬೀದರಕ್ಕ ಹೋಗಿ, ಅಲ್ಲಿಂದ ಭಾಲ್ಕಿಗಿ ಹೋಗ್ತೇವಿ. ಗಾಡಿ ನಾನೇ ಹೊಡಿತೇನಿ."

ಸಂತಪೂರದವರೆಗೆ ಅವಳು ಸ್ಟಿಯರಿಂಗನ್ನು ಹಿಂಡಿ ಹಿಡಿದಿದ್ದಳು. ಆಮೇಲೆ ಹಿಡಿತ ಸಡಿಲಾಯಿತು. ಲಾರಿಗಳು ಬಂದವು, ಹೋದವು, ಅವಳನ್ನು ಯಾವುದೂ ನುಂಗಲಿಲ್ಲ. ಬೀದರಿನ ಕೆಂಪು ಮಣ್ಣು ಕಾಣಿಸಿದಾಗ ಅವಳಿಗೆ ತನ್ನ ಮೇಲೆಯೇ ಅಚ್ಚರಿಯಾಯಿತು.

ತೌಸೀಫನ ಅಂಗಡಿಯ ಮುಂದೆ ಇಳಿದದ್ದೇ ತಡ, ಜಿಜಾಬಾಯಿ ಜಗಳ ತೆಗೆದಳು. "ನಾ ಡಾವೀ ಬಾಜೂ ಅಂದ್ರ, ನೀ ಇದೇನ್ ಕಳಿಸಿದ್ಯೋ?"

"ದಾಯೀ ಬಾಜೂದೇ ಕಳ್ಸೀನಲ್ಲ, ಅಮ್ಮಾ!"

"ಇದು ಡಾವೀ ಏನು? ಇದು, ಇದು ಡಾವೀ!" ಎಂದು ಮುದುಕಿ ತನ್ನ ಎಡಗೈಯನ್ನು ಅವನ ಮೂಗಿನ ತುದಿಗೆ ಹಿಡಿದಳು.

ತೌಸೀಫ ಆ ಕೈಯನ್ನು ನೋಡಿದ. ಮತ್ತೆ ತನ್ನ ಬಲಗೈ ಎತ್ತಿ, "ನಮ್ಮಲ್ಲಿ ಇದಕ್ಕ ದಾಯೀ ಅಂತಾರ," ಎಂದ. ಮುದುಕಿಯ ಮರಾಠಿಯಲ್ಲಿ ಡಾವೀ ಎಂದರೆ ಎಡ, ಅವನ ದಖನಿ ಉರ್ದುವಿನಲ್ಲಿ ದಾಯೀ ಎಂದರೆ ಬಲ, ಬಾಜೂ ಮಾತ್ರ ಇಬ್ಬರಿಗೂ ಒಂದೇ. ಮೂರು ಸಲ ಕೇಳಿ, ಮೂರು ಸಲ ಹೇಳಿ, ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಸರಿಯಾಗಿಯೇ ಇದ್ದರು. ಮೊದಲು ತೌಸೀಫ ನಕ್ಕ. ಆಮೇಲೆ ಜಿಜಾಬಾಯಿ ನಕ್ಕು ನಕ್ಕು ಕೆಮ್ಮಿದಳು. ಉಜ್ವಲಾಗೆ ಇಡೀ ವಾರದ ಬಿಗಿತ ಸಡಿಲಾಗಿ ಕಣ್ಣಲ್ಲಿ ನೀರು ಬರುವಷ್ಟು ನಗೆ ಬಂತು.

"ಕೊಡ್ರಿ, ಎರಡು ಮಿಂಟಿನಾಗ ಹಚ್ತೀನಿ," ಎಂದು ತೌಸೀಫ ಮುಂದೆ ಬಂದ.

"ಕೈ ಹಚ್ಚಬ್ಯಾಡ್ರಿ," ಎಂದಳು ಉಜ್ವಲಾ. ಮದುವೆಯ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ರಸ್ತೆಯ ಬದಿಯಲ್ಲೇ ಕುಕ್ಕರುಗಾಲಲ್ಲಿ ಕುಳಿತಳು. ಈ ಸಲ ಅವಸರ ಮಾಡಲಿಲ್ಲ. ಮೊದಲು ಅಳತೆಗೆ ಹಿಡಿದು ನೋಡಿದಳು, ಪೆನ್ಸಿಲಿನಿಂದ ಗುರುತು ಹಾಕಿದಳು, ಕ್ಲಿಪ್ಪುಗಳನ್ನು ಒಂದೊಂದಾಗಿ ಸಿಕ್ಕಿಸಿದಳು, ಅಂಟಿನ ಕಾಗದವನ್ನು ಸ್ವಲ್ಪ ಸ್ವಲ್ಪವೇ ಸುಲಿಯುತ್ತ ಹೆಬ್ಬೆರಳಿನಿಂದ ಒತ್ತುತ್ತ ಹೋದಳು. ಚಹಾ ಕುಡಿಯುತ್ತ ನಿಂತ ನಾಲ್ಕು ಜನ ನೋಡುತ್ತಿದ್ದರು, ನೋಡಲಿ. ಕಮಾನು ಗಾಲಿಯನ್ನು ಅಪ್ಪಿ ಕೂತಿತು. ತೌಸೀಫ ಬಗ್ಗಿ, ಸಂದು ಎಲ್ಲಾದರೂ ಇದೆಯೇ ಎಂದು ಬೆರಳಾಡಿಸಿ, "ಕ್ಯಾ ಬಾತ್ ಹೈ, ಟೀಚರ್," ಎಂದ.

ಭಾಲ್ಕಿಯ ದಾರಿಯಲ್ಲಿ ಹಲಬರ್ಗಾದ ಹತ್ತಿರ ಕಬ್ಬಿನ ಟ್ರ್ಯಾಕ್ಟರು ಅಡ್ಡವಾಯಿತು. ಎರಡು ಟ್ರಾಲಿ, ಆಕಾಶಕ್ಕೆ ಮುಟ್ಟುವ ಹೇರು, ನಡೆಯುವ ಮನುಷ್ಯನ ವೇಗ. ಹೊತ್ತು ಏರುತ್ತಿತ್ತು. ಇಷ್ಟು ಉದ್ದದ ವಾಹನವನ್ನು ದಾಟಿ ಅವಳಿಗೆ ರೂಢಿಯಿರಲಿಲ್ಲ. "ಹಾಕ, ಮುಂದ ಹಾಕ!" ಎಂದು ಜಿಜಾಬಾಯಿ ಸೀಟಿನ ತುದಿಗೆ ಬಂದಳು. ಉಜ್ವಲಾ ಎದುರಿನ ದಾರಿಯನ್ನು ದೂರದವರೆಗೆ ನೋಡಿದಳು, ಖಾಲಿ ಇತ್ತು. ಗೇರು ಇಳಿಸಿ ಒತ್ತಿದಳು. ಕಬ್ಬಿನ ಗರಿಗಳು ಕಿಟಕಿಯ ಹೊಸ ಪಟ್ಟಿಯನ್ನು ಸವರಿಕೊಂಡು ಹಿಂದೆ ಸರಿದವು. ಮುಂದೆ ರಸ್ತೆ ತೆರೆದುಕೊಂಡಾಗ ಅವಳು ಕೂಗಿಯೇಬಿಟ್ಟಳು. ಏನು ಕೂಗಿದಳೋ ಅವಳಿಗೂ ನೆನಪಿಲ್ಲ, ಅಷ್ಟು ಸಂತೋಷವಾಗಿತ್ತು.

ಭಾಲ್ಕಿಯ ಮಂಗಲ ಕಾರ್ಯಾಲಯದ ಗೇಟಿನಲ್ಲಿ ಕೈಲಾಶ ಕಾಲೇಜಿನವರ ಜೊತೆ ನಿಂತಿದ್ದ. ಬಸ್‌ಸ್ಟ್ಯಾಂಡಿನ ಕಡೆಯಿಂದ ಆಟೋ ಬರುತ್ತದೆಂದು ಅತ್ತಲೇ ನೋಡುತ್ತಿದ್ದ. ಬೀದರಿನ ಕಡೆಯಿಂದ ಬಂದು ನಿಂತ ಕಾರನ್ನು ಅವನು ಮೊದಲು ಗುರುತಿಸಲೇ ಇಲ್ಲ. ಬಿಳಿ ಮೈ ಮಿರುಗುತ್ತಿತ್ತು, ಬಾಗಿಲುಗಳ ಉದ್ದಕ್ಕೂ ಕಪ್ಪು ಗೆರೆ ನೂಲು ಹಿಡಿದಂತೆ ನೆಟ್ಟಗಿತ್ತು, ನಾಲ್ಕೂ ಗಾಲಿಗಳ ಮೇಲೆ ಕಮಾನು. ಸ್ಟಿಯರಿಂಗಿನ ಹಿಂದೆ ಹೆಂಡತಿಯ ಮುಖ ಕಂಡಾಗ ಅವನ ಬಾಯಿ ತೆರೆದೇ ಉಳಿಯಿತು.

ಇಲ್ಲಿಯೂ ಒಬ್ಬ ಸೀಟಿಯವನಿದ್ದ. ಅವನು ಕಾರಿನ ಮುಂದೆ ಬಂದು ನಿಂತು, ಬಂಪರಿನಿಂದ ಮೇಲಿನವರೆಗೆ ನೋಡಿದ. ನಮ್ಮವರದೇ ಗಾಡಿ ಎಂದು ಕೈಲಾಶ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು, ಅವನು ಹೇಳಲಿಲ್ಲ, ಉಜ್ವಲಾ ಕೂಡ ಅವನ ಕಡೆ ನೋಡಲಿಲ್ಲ. ಸೀಟಿಯವನು ಬಗ್ಗಿ, ಗೇಟಿನ ಪಕ್ಕಕ್ಕೆ ಅಡ್ಡ ಇಟ್ಟಿದ್ದ ಕುರ್ಚಿ ಎತ್ತಿ ಸರಿಸಿದ. "ಬರ್ರಿ ಅಕ್ಕಾರ, ಇಲ್ಲೇ, ಮುಂದ ನಿಂದ್ರಸ್ರಿ," ಎಂದ.

ಅವಳು ಒಂದೇ ಸಲಕ್ಕೆ ತಿರುಗಿಸಿ ನಿಲ್ಲಿಸಿದಳು. ಮದುಮಗಳ ಅಣ್ಣ ಸತೀಶಕುಮಾರ ಹತ್ತಿರ ಬಂದು, ಕಾರಿನ ಸುತ್ತ ಒಂದು ಸುತ್ತು ಹಾಕಿದ. "ಸರ್, ಯಾವಾಗ ತಗೊಂಡ್ರಿ? ಪೇಡೆ ಇಲ್ಲ, ಪಾರ್ಟಿ ಇಲ್ಲ!"

ಕೈಲಾಶ, ತಾನು ಮನೆ ಬಿಟ್ಟಾಗ ಬೋಳಾಗಿದ್ದ ಎಡಗಡೆಯ ಮುಂದಿನ ಗಾಲಿಯ ಹತ್ತಿರ ಕುಕ್ಕರಿಸಿ, ಕಮಾನಿನ ಅಂಚಿಗೆ ಉಗುರು ಹಾಕಿ ಎಬ್ಬಿಸಿ ನೋಡಿದ. ಏಳಲಿಲ್ಲ. ಇನ್ನೂ ಸ್ವಲ್ಪ ಜೋರಾಗಿ ಎಬ್ಬಿಸಿದ. ಕಮಾನು ಅಲುಗಲಿಲ್ಲ, ಉಗುರು ಮಾತ್ರ ನೊಂದಿತು. ಎದ್ದು ನಿಂತು ಜೇಬಿನಿಂದ ಫೋನು ತೆಗೆದ, ಎಲ್ಲರಿಗೂ ಕೇಳುವ ಹಾಗೆ ಮಾತಾಡಿದ.

"ಹಲೋ, ಶೋರೂಮಿನವ್ರೇನ್ರಿ? ನಾ ಔರಾದಿಂದ ಕೈಲಾಶ. ನಾಳಿ ಗಾಡಿ ತರೂದಿಲ್ರಿ... ಇಲ್ಲಿಲ್ಲ, ರೇಟಿನ ಮಾತಲ್ಲ. ಆ ಗಾಡಿ ಕೊಡ್ಲಿಕ್ಕಿ ನನಗ ಹಕ್ಕಿಲ್ಲ. ಅದು ನಂದಲ್ರಿ, ನಮ್ಮ ಮನಿಯವ್ರದು."

ಉಜ್ವಲಾ ಇನ್ನೂ ಸೀಟಿನಲ್ಲೇ ಕುಳಿತಿದ್ದಳು. ಒಳಗೆ ಅಕ್ಷತೆಗೆ ಕರೆಯುತ್ತಿದ್ದರು, ಭಟ್ಟರ ಧ್ವನಿ ಕೇಳುತ್ತಿತ್ತು, ಗೇಟಿನಲ್ಲಿ ನಾಲ್ಕು ಜನ ಹಿರಿಯರು ನಿಂತಿದ್ದರು. ಅವಳು ಏನನ್ನೂ ನೋಡಲಿಲ್ಲ. ಅಂಗೈ ಊರಿ ಕಾರಿನ ಹಾರ್ನ್ ಒತ್ತಿದಳು, ಮನಸ್ಸು ತುಂಬುವವರೆಗೆ ಕೈ ತೆಗೆಯಲಿಲ್ಲ.