ಮುಚ್ಚಳ ತೆರೆದರೂ ಉಳಿದ ಚಿತ್ರ

2016ರ ಫೆಬ್ರುವರಿಯ ಒಂದು ಬೆಳಿಗ್ಗೆ, ಔರಾದ ತಾಲ್ಲೂಕಿನ ಸಂತಪುರ ಬಸ್ ನಿಲ್ದಾಣದಲ್ಲಿ ಸುನೀತಾ ಎಂಬ ಹುಡುಗಿ ನನ್ನ ಫಿಲ್ಮ್ ಕ್ಯಾಮೆರಾದ ಹಿಂಬದಿಯ ಮುಚ್ಚಳ ತೆರೆದಳು. ಒಳಗಿನ ರೀಲಿಗೆ ಬಿಸಿಲು ಬಿತ್ತು.

ಬರದಿಂದ ಊರಲ್ಲಿ ಕೆಲಸವಿರಲಿಲ್ಲ. ಕಟ್ಟಡ ಕೆಲಸಕ್ಕೆಂದು ಅವಳ ಅಪ್ಪ, ಅವ್ವ, ತಮ್ಮ ಹತ್ತಿದ್ದ ಹೈದರಾಬಾದ್ ಬಸ್ಸು ಆಗಷ್ಟೇ ಹೋಗಿತ್ತು. ಪಿಯುಸಿ ಪರೀಕ್ಷೆ ಇದ್ದುದರಿಂದ ಅವಳು ಸೋದರತ್ತೆಯ ಮನೆಯಲ್ಲಿ ಉಳಿದಿದ್ದಳು. ನಾಲ್ವರೂ ಒಟ್ಟಿಗಿರುವ ಚಿತ್ರ ಅವರ ಬಳಿ ಒಂದೂ ಇರಲಿಲ್ಲ. ಬಸ್ಸು ಬಿಡುವ ಮುನ್ನ ನಾನು ಒಂದನ್ನು ತೆಗೆದಿದ್ದೆ.

"ಸ್ಕ್ರೀನ್ ಇದರೊಳಗ ಇರ್ತದ ಅನ್ಕೊಂಡೆರಿ ಅಣ್ಣಾ. ಅವ್ವನ ಮುಖ ನೋಡಬೇಕಾಗಿತ್ತು," ಎಂದಳು. ಅವಳ ಕಣ್ಣು ತುಂಬಿತ್ತು.

ವಲಸೆಯ ಚಿತ್ರ ತೆಗೆಯಲು ಬೀದರಿನಿಂದ ನನ್ನ ಜೊತೆ ಬಂದಿದ್ದ ಗೆಳೆಯ ಶಿವರಾಜನ ಕೊರಳಲ್ಲಿ ದುಬಾರಿ ಜರ್ಮನ್ ಫಿಲ್ಮ್ ಕ್ಯಾಮೆರಾ ಇತ್ತು. "ಹೋತಲೇ, ಫೋಟೊ ಸುಟ್ಟು ಹೋತು. ಆ ಗುಜರಿ ಮಾಲಿಗಿ ಒಂದು ಕೀಲಿನರ ಹಾಕಬೇಕಿತ್ತು," ಎಂದ.

"ನಿನ್ನ ಕ್ಯಾಮೆರಾದಾಗ ಇದ್ದಿದ್ರ ಹೋಗ್ತಿತ್ತು. ಇದರಾಗ ಹೋಗಂಗಿಲ್ಲ," ಎಂದೆ.

ಹಳೆ ಸಾಮಾನಿನ ಅಂಗಡಿಯಲ್ಲಿ ಅಗ್ಗಕ್ಕೆ ಕೊಂಡ ನನ್ನ ಕ್ಯಾಮೆರಾ ಇಡೀ ರೀಲನ್ನು ಮೊದಲೇ ಅದರ ಡಬ್ಬಿಯಿಂದ ಹೊರಗೆ ಎಳೆದುಕೊಂಡು, ತೆಗೆದ ಒಂದೊಂದೇ ಚಿತ್ರವನ್ನು ಬೆಳಕು ಹೋಗದ ಆ ಡಬ್ಬಿಯೊಳಗೆ ಮರಳಿ ಸುತ್ತಿಡುತ್ತದೆ. ಶಿವರಾಜನ ಕ್ಯಾಮೆರಾದಲ್ಲಿ ತೆಗೆದ ಚಿತ್ರಗಳು ಡಬ್ಬಿಯ ಹೊರಗೇ ಇರುತ್ತವೆ. ಬಿಸಿಲಿಗೆ ಹಾಳಾದದ್ದು ಇನ್ನೂ ಬಳಸದ ಖಾಲಿ ಭಾಗ ಮಾತ್ರ.

ಸ್ಟುಡಿಯೊದಲ್ಲಿ ರೀಲು ತೊಳೆಸಿದಾಗ ಆ ಚಿತ್ರದಲ್ಲಿ ನಾಲ್ವರ ಮುಖವೂ ಸ್ಪಷ್ಟವಾಗಿತ್ತು. ಸುನೀತಾ ಈಗ ಭಾಲ್ಕಿಯಲ್ಲಿ ಶಾಲಾ ಶಿಕ್ಷಕಿ. ಚಿತ್ರ ಅವಳ ಮನೆಯ ಪಡಸಾಲೆಯ ಗೋಡೆಯ ಮೇಲಿದೆ. ಅಪ್ಪ, ಅವ್ವ, ತಮ್ಮ ಅದೇ ಮನೆಯಲ್ಲಿದ್ದಾರೆ.